ಮೆಟ್ಟಿಲಿಲ್ಲದ ಬಾಗಿಲಿನ ಸುವರ್ಣ ಮಹೋತ್ಸವ

ವಿಶ್ವವಿದ್ಯಾಲಯದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಕಾನೂನಿನಿಂದಲೋ ಕಟ್ಟಡದಿಂದಲೋ ಮೊದಲ ಕುಲಪತಿಗಳ ಭಾವಚಿತ್ರದಿಂದಲೋ ಆರಂಭಿಸುತ್ತಾರೆ. ನಮ್ಮ ವಿಶ್ವವಿದ್ಯಾಲಯದ ಮಟ್ಟಿಗೆ ಇದು ಸರಿಯಾದ ಕ್ರಮವಲ್ಲ. ಇಲ್ಲಿ ಆರಂಭಿಸಬೇಕಾದದ್ದು ಒದ್ದೆ ಬಟ್ಟೆಯಿಂದ. ಒಂದು ಬಕೆಟ್ ಒದ್ದೆ ಬಟ್ಟೆ ಅಡುಗೆಮನೆಯಿಂದ ಹಿತ್ತಲಿಗೆ ಹೋಗುವುದು ಹೇಗೆ ಎಂಬ ಪ್ರಶ್ನೆ ಹದಿನೈದು ವರ್ಷ ಬಗೆಹರಿಯದೆ ಉಳಿದು, ಕೊನೆಗೆ ಸುವರ್ಣ ಮಹೋತ್ಸವದ ಸಮಾರಂಭದಲ್ಲಿ ಇತ್ಯರ್ಥವಾಯಿತು ಎಂದರೆ ಮುಂದಿನ ಪೀಳಿಗೆ ನಂಬಲಿಕ್ಕಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ವಿಶ್ವವಿದ್ಯಾಲಯ ಚಿಕ್ಕದು, ಸರ್ಕಾರದ್ದು. ಅದು ತಮಗೇ ಬೇಕೆಂದು ಎರಡು ಪಟ್ಟಣಗಳ ಜನ ಹಟ ಹಿಡಿದಾಗ, ಇಬ್ಬರಿಗೂ ಸಮನಾಗಿ ಅನ್ಯಾಯವಾಗಲೆಂದು ಸರ್ಕಾರ ಅದನ್ನು ನಡುವಿನ ಬಯಲಿನಲ್ಲಿ ಸ್ಥಾಪಿಸಿತು. ಮೊದಲ ತರಗತಿಗಳು ನಡೆದದ್ದು ಮುಚ್ಚಿಹೋಗಿದ್ದ ಬೆಂಕಿಪೊಟ್ಟಣದ ಕಾರ್ಖಾನೆಯ ಗೋದಾಮಿನಲ್ಲಿ. ಅದರ ಗೋಡೆಯ ಮೇಲೆ ‘ಇಲ್ಲಿ ಕಿಡಿ ಹಾರಿಸಬಾರದು’ ಎಂಬ ಬರಹ ಇವತ್ತಿಗೂ ಇದೆ. ಅಧ್ಯಾಪಕರು ಅದನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದಾರೆ. ಗ್ರಂಥಾಲಯದ ಮೇಲೊಂದು ಗಡಿಯಾರವಿದೆ. ಅದನ್ನು ನೋಡಿ ತರಗತಿಗೆ ಬರುವವರು ಯಾರೂ ಇಲ್ಲ, ನೋಡಿ ಮನೆಗೆ ಹೋಗುವವರು ಅನೇಕರು.

ಅಧ್ಯಾಪಕರ ಕ್ವಾರ್ಟರ್ಸ್ ಎಂದರೆ ಗೋಡೆಗೆ ಗೋಡೆ ಅಂಟಿಕೊಂಡ ಒಂದು ಉದ್ದನೆಯ ಸಾಲು. ಮನೆಗಳ ಮುಂದೆ ಬಟ್ಟೆ ಒಣಹಾಕುವಂತಿಲ್ಲ. ಕುಲಪತಿಗಳ ಕಾರು ಆ ರಸ್ತೆಯಲ್ಲೇ ಹೋಗುತ್ತದೆ, ಒಳ ಅಂಗಿಗಳು ಅವರ ಕಣ್ಣಿಗೆ ಬೀಳಬಾರದೆಂದು ನಿಯಮ. ಒಣಹಾಕುವ ತಂತಿಗಳಿರುವುದು ಹಿತ್ತಲಲ್ಲಿ. ಹಿತ್ತಲಿಗೆ ಯಾವ ಮನೆಗೂ ಬಾಗಿಲಿಲ್ಲ. ಹೀಗಾಗಿ ಸಾಲಿನ ಹೆಂಗಸರು ಒದ್ದೆ ಬಟ್ಟೆಯ ಬಕೆಟ್ ಹೊತ್ತು, ಎಲ್ಲರ ಮನೆಮುಂದೆ ಹಾದು, ಮೂಲೆ ತಿರುಗಿ, ಮತ್ತೆ ಅಷ್ಟೇ ದೂರ ಹಿಂದಿನಿಂದ ನಡೆದು ಬರಬೇಕು.

ಒಂದು ಮನೆಗೆ ಮಾತ್ರ ಬಾಗಿಲಿತ್ತು. ಸಾಲಿನ ನಟ್ಟನಡುವಿನ ಮನೆ, ಅದರ ಅಡುಗೆಮನೆ. ಕಟ್ಟಿದವರು ಯಾವ ಗಳಿಗೆಯಲ್ಲಿ ಏನು ನೆನೆಸಿಕೊಂಡರೋ, ಕಿಟಕಿ ಇಡಬೇಕಾದಲ್ಲಿ ಬಾಗಿಲಿಟ್ಟಿದ್ದರು. ಆದರೆ ಹಿತ್ತಲಿನ ನೆಲ ಅಲ್ಲಿ ಇಳಿಜಾರು. ಬಾಗಿಲು ತೆರೆದರೆ ಕೆಳಗೆ ಎದೆಯೆತ್ತರದ ಖಾಲಿ, ಆಮೇಲೆ ಹುಲ್ಲು. ಮೆಟ್ಟಿಲಿಲ್ಲ.

ಈ ಮನೆಯಲ್ಲಿದ್ದವರು ಸರಾಸರಿ ಮೇಷ್ಟ್ರು. ಕಲಿಸುತ್ತಿದ್ದದ್ದು ಸಂಖ್ಯಾಶಾಸ್ತ್ರ. ಎತ್ತರ, ತೂಕ, ಸಂಬಳ, ಜನಪ್ರಿಯತೆ ಎಲ್ಲದರಲ್ಲೂ ತಮ್ಮ ಪಾಠಕ್ಕೆ ತಾವೇ ಉದಾಹರಣೆಯಾಗಿದ್ದುದರಿಂದ ವಿದ್ಯಾರ್ಥಿಗಳು ಆ ಹೆಸರಿಟ್ಟಿದ್ದರು. ಅವರಿಗೂ ಬೇಸರವಿರಲಿಲ್ಲ. ಬೇಸರವಿದ್ದದ್ದು ಅವರ ಹೆಂಡತಿಗೆ, ಅದೂ ಬಾಗಿಲಿನ ಬಗ್ಗೆ.

“ಬಾಗಿಲೇ ಇಲ್ದಿದ್ರೆ ನನ್ನ ಹಣೆಬರಹ ಅಂತ ಸುಮ್ನಿರ್ತಿದ್ದೆ ಕಣ್ರೀ,” ಎನ್ನುತ್ತಿದ್ದರು ಆಕೆ. “ತಂತಿ ಕಣ್ಣೆದುರಿಗೆ ಕಾಣತ್ತೆ. ಕೈ ಚಾಚಿದ್ರೆ ಸಿಗೋ ಹಾಗಿದೆ. ಆದ್ರೆ ನಾನು ಊರೆಲ್ಲ ಸುತ್ತಿ ಬರ್ಬೇಕು. ಆ ಮೂಲೆಮನೆ ಅಜ್ಜಿ ಬಕೆಟ್ ಒಳಗೆ ಇಣುಕಿ, ‘ಏನಮ್ಮಾ, ಈ ವಾರ ನಿಮ್ಮ ಯಜಮಾನ್ರು ಎರಡೇ ಬನಿಯನ್ನಾ?’ ಅಂತ ಕೇಳ್ತಾರೆ.”

ಮೂಲೆಮನೆ ಅಜ್ಜಿ ರಸಾಯನಶಾಸ್ತ್ರದ ಪ್ರಾಧ್ಯಾಪಕರ ತಾಯಿ. ಇಡೀ ಸಾಲಿನ ಬಟ್ಟೆ ಅವರ ಜಗಲಿಯ ಮುಂದೆಯೇ ತಿರುಗಬೇಕಾಗಿದ್ದರಿಂದ, ಯಾರ ಮನೆಗೆ ನೆಂಟರು ಬಂದರು, ಯಾರ ಮಗು ಹಾಸಿಗೆ ಒದ್ದೆ ಮಾಡಿತು, ಯಾರ ಗಂಡ ಹೊಸ ಅಂಗಿ ಕೊಂಡರು ಎಂಬುದೆಲ್ಲ ಅವರಿಗೆ ತಿಳಿಯುತ್ತಿತ್ತು. ಅಷ್ಟು ಮಾಹಿತಿ ಕುಲಸಚಿವರ ಕಚೇರಿಯಲ್ಲೂ ಇರಲಿಲ್ಲ.

ಮೇಷ್ಟ್ರು ಸುಮ್ಮನೆ ಕೂತವರಲ್ಲ. ಒಮ್ಮೆ ಸ್ಟೂಲು ಇಟ್ಟರು. ಅದು ಅವರನ್ನೂ ಕರೆದುಕೊಂಡು ಬಿತ್ತು. ಇನ್ನೊಮ್ಮೆ ಎಲ್ಲಿಂದಲೋ ನಾಲ್ಕು ಚಪ್ಪಡಿ ಕಲ್ಲು ಹೊಂದಿಸಿ ಒಂದರ ಮೇಲೊಂದು ಪೇರಿಸಿದರು. ಮೂರೇ ದಿನದಲ್ಲಿ ಎಂಜಿನಿಯರ್ ಕಚೇರಿಯ ಆಳುಗಳು ಬಂದು ‘ಅನಧಿಕೃತ ನಿರ್ಮಾಣ’ ಎಂದು ಹೊತ್ತುಕೊಂಡು ಹೋದರು. ಕೊನೆಗೆ ಮೇಷ್ಟ್ರು ಎಂಜಿನಿಯರರನ್ನೇ ಕಂಡರು.

“ಮೆಟ್ಟಿಲು ಕಟ್ಟೋದು ಏನ್ ದೊಡ್ಡ ವಿಷಯ ಮೇಷ್ಟ್ರೇ, ಅರ್ಧ ದಿನದ ಕೆಲಸ,” ಎಂದರು ಎಂಜಿನಿಯರು. “ಆದ್ರೆ ನಕ್ಷೇಲಿ ಅಲ್ಲಿ ಬಾಗಿಲೇ ಇಲ್ಲ. ಇಲ್ಲದ ಬಾಗಿಲಿಗೆ ಮೆಟ್ಟಿಲು ಹೇಗ್ರೀ ಕಟ್ಟೋದು?”

“ಹಾಗಾದ್ರೆ ಬಾಗಿಲು ಮುಚ್ಚಿಸಿಬಿಡಿ ಸರ್. ಕಿಟಕಿನಾದ್ರೂ ಇಡಿ.”

“ಇಲ್ಲದ ಬಾಗಿಲನ್ನ ಮುಚ್ಚೋದು ಹೇಗೆ?”

ಮೇಷ್ಟ್ರು ಮನೆಗೆ ಬಂದು ಇಲ್ಲದ ಬಾಗಿಲಿಗೆ ಚಿಲಕ ಹಾಕಿದರು. ಹದಿನೈದು ವರ್ಷ ಹೀಗೆ ಕಳೆಯಿತು.

ಅಷ್ಟರಲ್ಲಿ ಸುವರ್ಣ ಮಹೋತ್ಸವ ಬಂತು. ಕ್ಯಾಂಪಸ್ಸನ್ನು ಅಂದಗೊಳಿಸಲು ಸರ್ಕಾರ ಹಣ ಕೊಟ್ಟಿತು. ಹಣ ಬಂದಾಗ ಮನಸ್ಸು ಮೃದುವಾಗುವುದು ಎಂಜಿನಿಯರುಗಳಿಗೂ ಉಂಟು. ಅವರೇ ಮೇಷ್ಟ್ರನ್ನು ಕ್ಯಾಂಟೀನಿನ ಮೂಲೆಗೆ ಕರೆದು, ದನಿ ತಗ್ಗಿಸಿ ಹೇಳಿದರು: “ಮೆಟ್ಟಿಲು ಕಟ್ಟಕ್ಕಾಗಲ್ಲ. ಆದ್ರೆ ಹಿಂದಿನ ಗೋಡೆಗೆ ಒರಗಿಸಿ ಹೂಕುಂಡ ಇಡೋಕೆ ಆರು ಹಂತ ಕಟ್ಟಬಹುದು. ಸಿಮೆಂಟಿಂದು. ನೀವು ಕುಂಡ ಇಡದೇ ಇದ್ರೆ ನಾನ್ಯಾಕೆ ಬಂದು ನೋಡ್ಲಿ? ಸೋಮವಾರ ಗಾರೆಯವನು ಬರ್ತಾನೆ.”

ಮೇಷ್ಟ್ರ ಹೆಂಡತಿ ಆ ದಿನ ಬಕೆಟ್ ಹೊತ್ತು ಸುತ್ತುವಾಗ ಮೂಲೆಮನೆ ಅಜ್ಜಿಗೆ ತಾವಾಗಿಯೇ ಬಗ್ಗಿ ಬಟ್ಟೆ ತೋರಿಸಿದರಂತೆ. “ನೋಡ್ಕೊಳ್ಳಿ ಅಜ್ಜಿ, ಸೋಮವಾರದಿಂದ ಸಿಗಲ್ಲ.”

ಆದರೆ ಸೋಮವಾರಕ್ಕೆ ಮುಂಚೆ ಭಾನುವಾರ ಬರುತ್ತದೆ. ಭಾನುವಾರ ಬಂದವರು ಷಡ್ಡಕರು.

ಷಡ್ಡಕರು ಎಂದರೆ ಮೇಷ್ಟ್ರ ಹೆಂಡತಿಯ ಅಕ್ಕನ ಗಂಡ. ಕಟ್ಟಡದ ಕಂತ್ರಾಟುದಾರರು. ಆಗತಾನೆ ತಮ್ಮದೇ ಮೂರಂತಸ್ತಿನ ಮನೆ ಕಟ್ಟಿಸಿ ಮುಗಿಸಿದ್ದರಿಂದ, ಯಾರ ಮನೆಗೆ ಹೋದರೂ ಗೋಡೆಗೆ ಬೆರಳಿನಿಂದ ತಟ್ಟಿ ಶಬ್ದ ಕೇಳುವ ಅಭ್ಯಾಸ ಅವರಿಗೆ ಅಂಟಿಕೊಂಡಿತ್ತು. ಮೇಷ್ಟ್ರ ಮನೆಯನ್ನು ಹೀಗೇ ತಟ್ಟುತ್ತ ತಟ್ಟುತ್ತ ಅಡುಗೆಮನೆಗೆ ಬಂದು, ಬಾಗಿಲು ಕಂಡು, ಚಿಲಕ ತೆಗೆದು, ಇನ್ನೇನು ಒಂದು ಕಾಲು ಹೊರಗಿಡಬೇಕು, ಮೇಷ್ಟ್ರು ಹಿಂದಿನಿಂದ ಅವರ ಬೆಲ್ಟು ಹಿಡಿದೆಳೆದರು.

ಷಡ್ಡಕರು ಕೆಳಗೆ ನೋಡಿದರು. ನಕ್ಕರು. ಸಾಕಾಗಲಿಲ್ಲವೆಂದು ಗೋಡೆ ಹಿಡಿದುಕೊಂಡು ನಕ್ಕರು. “ಏ ಇವಳೇ, ಬಾರೇ ಇಲ್ಲಿ! ನಿನ್ನ ತಂಗಿ ಮನೆ ಬಾಗಿಲು ನೋಡು! ನಮ್ಮನೇಲಿ ಹದಿನೇಳು ಬಾಗಿಲಿದೆ, ಒಂದಾದ್ರೂ ಹೀಗಿದೆಯಾ? ಇದೇನಪ್ಪಾ, ಸಾಲಗಾರರು ಬಂದಾಗ ಹಾರೋಕಾ?”

ಅಕ್ಕ ಬಂದು ನಕ್ಕರು. ಮೇಷ್ಟ್ರ ಹೆಂಡತಿ ನಗಲಿಲ್ಲ. ಆಕೆ ಗಂಡನ ಮುಖ ನೋಡಿದರು, ಏನಾದರೂ ಹೇಳಿ ಎನ್ನುವಂತೆ. ಮೇಷ್ಟ್ರು ಹೇಳಿದರು. ಅವರ ಇಡೀ ಜೀವನದ ಸರಾಸರಿಗೆ ಹೊರತಾದ ಕ್ಷಣ ಅದೊಂದೇ.

“ಭಾವ, ಅದು ಓಡಾಡೋ ಬಾಗಿಲಲ್ಲ. ನಮ್ಮ ಸ್ಥಾಪಕ ಕುಲಪತಿಗಳು ಮೊಟ್ಟಮೊದಲ ವಿದ್ಯಾರ್ಥಿಗಳಿಗೆ ಮೊಟ್ಟಮೊದಲ ಭಾಷಣ ಮಾಡಿದ್ದು ಇದೇ ಬಾಗಿಲಲ್ಲಿ ನಿಂತು. ಅವರು ಮೇಲೆ, ವಿದ್ಯಾರ್ಥಿಗಳು ಕೆಳಗೆ, ಹುಲ್ಲಿನ ಮೇಲೆ. ಅದಕ್ಕೇ ಮೆಟ್ಟಿಲಿಲ್ಲ. ವೇದಿಕೆಗೆ ಎದುರಿಂದ ಯಾರಾದ್ರೂ ಮೆಟ್ಟಿಲಿಡ್ತಾರಾ?”

ಷಡ್ಡಕರ ನಗು ನಿಂತಿತು. ಅವರು ಕೈಯಲ್ಲಿದ್ದ ಬಿಸ್ಕತ್ತನ್ನು ತಟ್ಟೆಗಿಟ್ಟು, ಬಾಗಿಲ ಚೌಕಟ್ಟನ್ನು ತಟ್ಟಿ ನೋಡಿ, “ಹೌದು, ಇದರ ಶಬ್ದವೇ ಬೇರೆ,” ಎಂದರು. ಮೇಷ್ಟ್ರ ಹೆಂಡತಿ ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ಆ ಬಾಗಿಲನ್ನು ಹೆಮ್ಮೆಯಿಂದ ನೋಡಿದರು. ಅದು ಸುಳ್ಳೆಂದು ಆಕೆಗೂ ಗೊತ್ತಿತ್ತು. ಆದರೆ ಅಕ್ಕನೆದುರು ಹೇಳಿದ ಸುಳ್ಳನ್ನು ಯಾರೂ ಅಷ್ಟು ನಿಷ್ಠುರವಾಗಿ ಪರೀಕ್ಷಿಸುವುದಿಲ್ಲ.

ಮಾತು ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ಮಹೋತ್ಸವಕ್ಕೆ ಸುಣ್ಣಬಣ್ಣ ಬಳಿಯುವ ಗುತ್ತಿಗೆಯ ಆಸೆಯಿಂದ ಷಡ್ಡಕರು ಅಲ್ಲಿಂದ ನೇರ ಕುಲಪತಿಗಳ ಬಂಗಲೆಗೆ ಹೋದರು. ಮಾತಿನ ಮಧ್ಯೆ, “ನಿಮ್ಮ ವಿಶ್ವವಿದ್ಯಾಲಯ ಹುಟ್ಟಿದ್ದೇ ನಮ್ಮ ನಾದಿನಿ ಅಡುಗೆಮನೇಲಿ ಬಿಡಿ ಸರ್,” ಎಂದರು.

ಕುಲಪತಿಗಳು ಆಗ ದೊಡ್ಡ ಸಂಕಟದಲ್ಲಿದ್ದರು. ಐವತ್ತು ವರ್ಷ ತುಂಬುತ್ತಿದೆ, ಸ್ಮರಣ ಸಂಪುಟ ಬರಬೇಕು, ಆದರೆ ವಿಶ್ವವಿದ್ಯಾಲಯಕ್ಕೆ ಇತಿಹಾಸವೇ ಇಲ್ಲ. ಸಂಪುಟ ಬರೆಯಲು ನೇಮಕವಾಗಿದ್ದ ಇತಿಹಾಸದ ಪ್ರಾಧ್ಯಾಪಕರು ಆರು ತಿಂಗಳಲ್ಲಿ ಮೂರು ಪುಟ ಬರೆದಿದ್ದರು, ಅದರಲ್ಲಿ ಎರಡು ಮಣ್ಣಿನ ಗುಣದ ಬಗ್ಗೆ. “ಐವತ್ತು ವರ್ಷದಲ್ಲಿ ಒಂದೇ ಒಂದು ಘಟನೆಯೂ ನಡೆದಿಲ್ಲವಲ್ರೀ!” ಎಂದು ಕುಲಪತಿಗಳು ಅವರನ್ನು ಗದರಿಸಿ ಅರ್ಧ ಗಂಟೆಯೂ ಆಗಿರಲಿಲ್ಲ. ಅಂಥ ಹೊತ್ತಿಗೆ ಘಟನೆ ತಾನಾಗಿ, ಬೆಲ್ಟು ಕಟ್ಟಿಕೊಂಡು, ಬಾಗಿಲಿಗೇ ಬಂದಿತ್ತು.

ಸೋಮವಾರ ಬೆಳಿಗ್ಗೆ ಗಾರೆಯವನು ಬಂದ. ಅವನ ಹಿಂದೆಯೇ ಎಂಜಿನಿಯರು ಓಡಿಬಂದು ಅವನ ಕೈಯಿಂದ ಕರಣೆ ಕಿತ್ತುಕೊಂಡರು. ಅವರ ಹಿಂದೆ ಕುಲಪತಿಗಳು, ಇತಿಹಾಸದ ಪ್ರಾಧ್ಯಾಪಕರು, ಒಬ್ಬ ಛಾಯಾಗ್ರಾಹಕ. ಕುಲಪತಿಗಳು ಹುಲ್ಲಿನ ಮೇಲೆ ನಿಂತು ಬಾಗಿಲನ್ನು ತಲೆಯೆತ್ತಿ ನೋಡಿದರು.

“ಒಂದು ಕಲ್ಲು ಕೂಡ ಈ ಕಡೆ ಆ ಕಡೆ ಆಗಬಾರದು,” ಎಂದರು. “ಹೇಗಿದೆಯೋ ಹಾಗೇ ಇರಬೇಕು. ಮಹೋತ್ಸವದ ಭಾಷಣ ನಾನು ಇಲ್ಲಿಂದಲೇ ಮಾಡ್ತೀನಿ.”

“ಹೂಕುಂಡ?” ಎಂದರು ಮೇಷ್ಟ್ರು ಕ್ಷೀಣವಾಗಿ.

“ಹೂಕುಂಡವೂ ಬೇಡ. ಸರಳತೆ, ಮೇಷ್ಟ್ರೇ, ಸರಳತೆ!”

ಅಂದು ಮಧ್ಯಾಹ್ನ ಮೇಷ್ಟ್ರ ಹೆಂಡತಿ ಬಕೆಟ್ ಎತ್ತಿಕೊಂಡು ಮುಂಬಾಗಿಲಿನಿಂದ ಹೊರಟರು. ಮೂಲೆಯಲ್ಲಿ ಅಜ್ಜಿ ಕಾದು ಕೂತಿದ್ದರು: “ಇದ್ಯಾಕಮ್ಮಾ, ಸೋಮವಾರದಿಂದ ಬರಲ್ಲ ಅಂದಿದ್ದೆ?”

ಮರುದಿನದಿಂದ ಜನ ಬರತೊಡಗಿದರು. ಹೊಸ ವಿದ್ಯಾರ್ಥಿಗಳ ಪರಿಚಯ ಪ್ರವಾಸದಲ್ಲಿ ಗ್ರಂಥಾಲಯ, ಪ್ರಯೋಗಾಲಯ, ಬಾಗಿಲು ಎಂಬ ಕ್ರಮವಾಯಿತು. ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಂತವನೊಬ್ಬ ಮುಂಬಾಗಿಲು ತಟ್ಟಿ, “ಆಂಟಿ, ಒಂದೈದು ನಿಮಿಷ ನಿಮ್ಮ ಅಡುಗೆಮನೆ ಕೊಡಿ, ಭಾಷಣ ಮಾಡಿ ಹೋಗ್ತೀನಿ,” ಎಂದು ಕೇಳಿದ. ಅವನು ಒಲೆಯ ಪಕ್ಕ ನಿಂತು ವಿದ್ಯಾರ್ಥಿ ಸಮುದಾಯದ ಭವಿಷ್ಯದ ಬಗ್ಗೆ ಮಾತಾಡುತ್ತಿದ್ದಾಗ ಹಾಲು ಉಕ್ಕಿತು. ಕೆಳಗಿದ್ದವರು ಚಪ್ಪಾಳೆ ತಟ್ಟಿದರು.

ಅಕ್ಕಪಕ್ಕದ ಮನೆಯವರಿಗೂ ನೆನಪುಗಳು ಮರಳತೊಡಗಿದವು. ಎಲ್ಲರಿಗಿಂತ ಮುಂದಿದ್ದವರು ಮೂಲೆಮನೆ ಅಜ್ಜಿ. ಇತಿಹಾಸದ ಪ್ರಾಧ್ಯಾಪಕರು ಅವರ ಜಗಲಿಯಲ್ಲಿ ಕೂತು ಕೇಳಿದರು: “ಅಜ್ಜಿ, ಸ್ಥಾಪಕರು ಭಾಷಣ ಮಾಡಿದ್ದು ನೀವು ನೋಡಿದ್ರಾ?”

“ನೋಡೋದೇನಪ್ಪಾ, ನಡುವೆ ಗಂಟಲು ಕಟ್ಟಿದಾಗ ನೀರು ಕೊಟ್ಟವಳೇ ನಾನು.”

“ನೀವು ಈ ಊರಿಗೆ ಬಂದು ಇಪ್ಪತ್ತು ವರ್ಷ ಅಂತ ನಿಮ್ಮ ಮಗ…”

“ಅವನಿಗೇನು ಗೊತ್ತು, ಅವನು ರಸಾಯನಶಾಸ್ತ್ರ.”

ಮೇಷ್ಟ್ರಿಗೆ ಇನ್ನು ತಡೆಯಲಾಗಲಿಲ್ಲ. ಕುಲಪತಿಗಳ ಕೊಠಡಿಗೆ ಹೋಗಿ ತಪ್ಪೊಪ್ಪಿಕೊಂಡುಬಿಡುವುದು, ಬಾಗಿಲು ಮತ್ತೆ ಸಾಮಾನ್ಯ ಬಾಗಿಲಾಗಲಿ, ಹೂಕುಂಡದ ಹಂತಗಳಾದರೂ ಸಿಗಲಿ ಎಂದು ನಿರ್ಧರಿಸಿದರು. ಕೊಠಡಿಯಲ್ಲಿ ಇತಿಹಾಸದ ಪ್ರಾಧ್ಯಾಪಕರೂ ಎಂಜಿನಿಯರೂ ಇದ್ದರು.

“ಸರ್, ಒಂದು ಮಾತು,” ಎಂದರು ಮೇಷ್ಟ್ರು. “ಸ್ಥಾಪಕರು ಆ ಬಾಗಿಲಲ್ಲಿ ನಿಂತಿರೋಕೆ ಸಾಧ್ಯವೇ ಇಲ್ಲ. ಅವರು ಇಲ್ಲಿಂದ ಹೋಗಿ ಎಂಟು ವರ್ಷ ಆದ್ಮೇಲೆ ಈ ಕ್ವಾರ್ಟರ್ಸ್ ಕಟ್ಟಿದ್ದು.”

ಮೇಷ್ಟ್ರು ಹಗುರಾದರು. ಆಗ ಇತಿಹಾಸದ ಪ್ರಾಧ್ಯಾಪಕರು ಕುರ್ಚಿಯಿಂದ ಮೆಲ್ಲಗೆ ಎದ್ದರು. ಮೂವತ್ತು ವರ್ಷದ ವೃತ್ತಿಜೀವನದಲ್ಲಿ ಅವರ ಕಣ್ಣು ಹಾಗೆ ಹೊಳೆದದ್ದನ್ನು ಯಾರೂ ಕಂಡಿರಲಿಲ್ಲ.

“ಅಂದ್ರೆ ಬಾಗಿಲು ಮನೆಗಿಂತ ಹಳೇದು!” ಎಂದರು.

“ಅಯ್ಯೋ, ಹೌದಲ್ಲ!” ಎಂದು ಎಂಜಿನಿಯರು ಮೇಜು ಗುದ್ದಿದರು. “ಅದಕ್ಕೇ ಸರ್ ನಕ್ಷೇಲಿ ಇಲ್ಲ! ಬಾಗಿಲು ಮೊದಲೇ ಇತ್ತು. ಅದನ್ನ ಕೆಡವೋಕೆ ಮನಸ್ಸು ಬಾರದೆ ಸುತ್ತಲೂ ಮನೆ ಕಟ್ಟಿದ್ದಾರೆ!”

ಕುಲಪತಿಗಳು ಎದ್ದು ಬಂದು ಮೇಷ್ಟ್ರ ಕೈ ಕುಲುಕಿದರು. “ಎಂಥ ವಿನಯ ನಿಮ್ಮದು! ಸತ್ಯವನ್ನ ತಂದು ಕೈಗೆ ಕೊಟ್ರಿ. ಸ್ಥಾಪಕರ ಮಗಳಿಗೆ ಹೇಳಿಕಳಿಸಿದ್ದೀನಿ. ಅವರೇ ಮುಖ್ಯ ಅತಿಥಿ. ನಿಮ್ಮ ಮನೆ ಮೂಲಕವೇ ಬರ್ತಾರೆ, ಸ್ವಲ್ಪ ಅಡುಗೆಮನೆ ಚೊಕ್ಕವಾಗಿಟ್ಟಿರಿ.”

ಸಮಾರಂಭದ ದಿನ ಹಿತ್ತಲಲ್ಲಿ ತಂತಿಗಳನ್ನು ಬಿಚ್ಚಿ ಕುರ್ಚಿ ಹಾಕಿದ್ದರು. ಮುಂದಿನ ಸಾಲಿನಲ್ಲಿ ಷಡ್ಡಕರು ಹೊಸ ಕೋಟು ಹಾಕಿಕೊಂಡು, ಅಕ್ಕಪಕ್ಕದವರಿಗೆ, “ಮೊದಲು ಗುರುತಿಸಿದ್ದು ನಾನೇ, ಶಬ್ದದಲ್ಲೇ ಗೊತ್ತಾಯ್ತು,” ಎನ್ನುತ್ತಿದ್ದರು. ಸರಾಸರಿ ಮೇಷ್ಟ್ರು ಒಳಗೆ, ಅಡುಗೆಮನೆಯ ಕಪಾಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ನಿಂತಿದ್ದರು. ಹೊರಗಿನ ಪ್ರಪಂಚದಿಂದ ಅವರು ನಿರೀಕ್ಷಿಸುತ್ತಿದ್ದದ್ದು ಇನ್ನೇನೂ ಉಳಿದಿರಲಿಲ್ಲ. ಸ್ಥಾಪಕರ ಮಗಳು ಬಾಯಿ ತೆರೆದರೆ ಮುಗಿಯಿತು.

ಮೇಷ್ಟ್ರ ಹೆಂಡತಿ ಮಾತ್ರ ಎಂದಿನಂತೆ ಬಟ್ಟೆ ಒಗೆದು ಮುಗಿಸಿದ್ದರು. ಸುವರ್ಣ ಮಹೋತ್ಸವವೆಂದು ನಲ್ಲಿಯಲ್ಲಿ ನೀರು ಬರುವ ಹೊತ್ತು ಬದಲಾಗುತ್ತದೆಯೇ? ತುಂಬಿದ ಬಕೆಟ್ ಬಾಗಿಲ ಪಕ್ಕದಲ್ಲೇ ಇತ್ತು.

ಸ್ಥಾಪಕರ ಮಗಳು ಬಂದರು. ಅರವತ್ತು ದಾಟಿದ ಹೆಂಗಸು, ನಿವೃತ್ತ ಮುಖ್ಯೋಪಾಧ್ಯಾಯಿನಿ. ಮೈಕಿಲ್ಲದೆ ಆಟದ ಮೈದಾನವನ್ನು ಸುಮ್ಮನಾಗಿಸಬಲ್ಲ ಕಂಠ. ಕುಡಿಯಲು ನೀರು ಬೇಕೆಂದು ಹೇಳಿ, ಜತೆಗಿದ್ದವರನ್ನೆಲ್ಲ ಹೊರಗಿನ ಕೋಣೆಯಲ್ಲೇ ನಿಲ್ಲಿಸಿ, ಅಡುಗೆಮನೆಗೆ ಬಂದರು. ಸಂದಿಯಲ್ಲಿದ್ದ ಮೇಷ್ಟ್ರನ್ನು ನೋಡಿದರು.

“ನೀವ್ಯಾಕೆ ಅಲ್ಲಿ ನಿಂತಿದ್ದೀರಿ? ಈಚೆ ಬನ್ನಿ.”

ಮೇಷ್ಟ್ರು ಈಚೆ ಬಂದರು. ಬಂದವರೇ ಎಲ್ಲವನ್ನೂ ಹೇಳಿಬಿಟ್ಟರು, ಷಡ್ಡಕರ ಬೆಲ್ಟಿನಿಂದ ಹಿಡಿದು ಅಜ್ಜಿಯ ನೀರಿನವರೆಗೆ.

ಆಕೆ ಪೂರ್ತಿ ಕೇಳಿ, “ನಮ್ಮಪ್ಪ ಈ ಊರಲ್ಲಿದ್ದದ್ದೇ ಹನ್ನೊಂದು ತಿಂಗಳು,” ಎಂದರು. “ಇದ್ದಷ್ಟು ದಿನವೂ ಬೇರೆ ಕಡೆ ಹಾಕಿಸಿಕೊಡಿ ಅಂತ ಕೇಳ್ತಾನೇ ಇದ್ರು. ಭಾಷಣ ಅಂದ್ರೆ ಅವರಿಗೆ ಜ್ವರ ಬರೋದು. ಇಂಥ ಎತ್ತರದಲ್ಲಿ ನಿಲ್ಲಿಸಿದ್ರೆ ಕಣ್ಣು ಮುಚ್ಕೊಳ್ಳೋರು.” ಆಮೇಲೆ ಮೇಷ್ಟ್ರ ಹೆಂಡತಿಯ ಕಡೆ ತಿರುಗಿದರು. “ಹೋಗ್ಲಿ, ಈ ಬಕೆಟ್ ಯಾಕಮ್ಮಾ ಇಲ್ಲಿ?”

“ಇದೇ ಮೇಡಂ ನಿಜವಾದ ಕಥೆ,” ಎಂದು ಮೇಷ್ಟ್ರ ಹೆಂಡತಿ ಬಾಗಿಲು ತೋರಿಸಿದರು, ಹುಲ್ಲು ತೋರಿಸಿದರು, ಮುಂಬಾಗಿಲು ತೋರಿಸಿ ಬೆರಳಿನಿಂದ ಗಾಳಿಯಲ್ಲಿ ಇಡೀ ಸಾಲನ್ನು ಸುತ್ತಿ ಮತ್ತೆ ಹುಲ್ಲಿಗೆ ತಂದು ನಿಲ್ಲಿಸಿದರು.

“ಎಷ್ಟು ವರ್ಷದಿಂದ?”

“ಹದಿನೈದು.”

ಮುಖ್ಯೋಪಾಧ್ಯಾಯಿನಿ ಬಗ್ಗಿ ಬಕೆಟ್ಟಿನ ಹಿಡಿ ಹಿಡಿದು ಎತ್ತಿದರು. ತೂಕ ನೋಡಿ ಕೆಳಗಿಟ್ಟರು. ತರಗತಿಯ ಹೊರಗೆ ನಿಲ್ಲಿಸಿದ ಹುಡುಗನನ್ನು ನೋಡುವಂತೆ ಮೇಷ್ಟ್ರನ್ನು ಒಮ್ಮೆ ನೋಡಿದರು.

“ಎಷ್ಟು ಮೆಟ್ಟಿಲು ಬೇಕು?”

“ಆರು ಸಾಕು ಮೇಡಂ.”

“ಹಿಡಿದುಕೊಳ್ಳೋಕೆ ಕಂಬಿ?”

“ಎರಡು ಕೈಲೂ ಬಕೆಟ್ ಇರತ್ತಲ್ಲ. ಬೇಡ.”

ಆಮೇಲೆ ಕುಲಪತಿಗಳು ಬಾಗಿಲಲ್ಲಿ ನಿಂತು ಮುಕ್ಕಾಲು ಗಂಟೆ ಮಾತಾಡಿದರು. ಸ್ಥಾಪಕರ ಧ್ವನಿ ಈ ಮರದ ಚೌಕಟ್ಟಿನಲ್ಲಿ ಇನ್ನೂ ಅನುರಣಿಸುತ್ತಿದೆ ಎಂದರು. ಷಡ್ಡಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಳಿಕ ಮುಖ್ಯ ಅತಿಥಿಗಳು ಬಾಗಿಲಿಗೆ ಬಂದರು. ಎದುರಿಗಿದ್ದ ಮೈಕನ್ನು ಪಕ್ಕಕ್ಕೆ ಸರಿಸಿದರು. ಕೆಳಗೆ ನೋಡಿದರು. ಅವರ ಮುಖ ಗಂಭೀರವಾಯಿತು.

“ಎಲ್ಲಿ ಮೆಟ್ಟಿಲು?” ಎಂದರು.

ಮುಂದಿನ ಸಾಲಿನವರು ಬಗ್ಗಿ ಹುಲ್ಲನ್ನು ನೋಡಿದರು.

“ಇಲ್ಲಿ ಆರು ಮೆಟ್ಟಿಲಿತ್ತು. ನಮ್ಮಪ್ಪ ಮಾತಾಡುವಾಗ ನಾನು ಆರನೇ ಮೆಟ್ಟಿಲ ಮೇಲೆ ಕೂತಿದ್ದೆ, ಹತ್ತು ವರ್ಷದ ಹುಡುಗಿ. ಭಾಷಣ ಮುಗಿದ ಮೇಲೆ ಅವರು ಒಂದೊಂದೇ ಮೆಟ್ಟಿಲಿಳಿದು ವಿದ್ಯಾರ್ಥಿಗಳ ಹತ್ತಿರ ಹೋದ್ರು. ಗುರುವಾದವನು ಇಳಿದು ಬರಬೇಕು ಅಂದ್ರು. ಇವತ್ತು ಬಂದು ನೋಡಿದ್ರೆ ಮೆಟ್ಟಿಲೇ ಇಲ್ಲ! ಯಾರು ತೆಗೆದದ್ದು?”

ಮೊದಲು ಚೇತರಿಸಿಕೊಂಡವರು ಮೂಲೆಮನೆ ಅಜ್ಜಿ. “ಹೌದು ಹೌದು, ಆರಿತ್ತು!” ಎಂದು ಕೂಗಿದರು. “ದಿನಾ ಗುಡಿಸ್ತಿದ್ದವಳೇ ನಾನು!”

ಕುಲಪತಿಗಳು ನಿಧಾನವಾಗಿ ಎಂಜಿನಿಯರರ ಕಡೆ ತಿರುಗಿದರು. ಇತಿಹಾಸದ ಪ್ರಾಧ್ಯಾಪಕರು ತಿರುಗಿದರು. ಇಡೀ ಸಭೆ ಕುರ್ಚಿ ಕಿರ್ರೆನಿಸಿ ತಿರುಗಿತು. ಎಂಜಿನಿಯರು ಕುರ್ಚಿಯಿಂದ ಎದ್ದರು. ಹಿಂದೊಮ್ಮೆ ತಮ್ಮ ಆಳುಗಳು ಇಲ್ಲಿಂದಲೇ ಹೊತ್ತೊಯ್ದ ಚಪ್ಪಡಿಗಳು ಅವರಿಗೆ ನೆನಪಾದವು.

“ಸರ್,” ಎಂದರು ಅವರು, “ನಾವು ತೆಗೆದದ್ದು ನಾಲ್ಕೇ ಕಲ್ಲು ಸರ್. ಇನ್ನೆರಡು ಯಾರು ತೆಗೆದ್ರೋ ನನಗೆ ಗೊತ್ತಿಲ್ಲ.”

ಸ್ಥಾಪಕರ ಮೆಟ್ಟಿಲನ್ನು ಕಿತ್ತದ್ದು ಹೀಗೆ ಸಾರ್ವಜನಿಕವಾಗಿ ಸಾಬೀತಾಯಿತು. ಆ ನಾಲ್ಕು ಕಲ್ಲು ಎಂಜಿನಿಯರರ ಮನೆಯ ಬಚ್ಚಲಲ್ಲಿ ಸಿಕ್ಕವು. ಅವುಗಳನ್ನು ಮೆರವಣಿಗೆಯಲ್ಲಿ ತರಬೇಕೆಂದು ಇತಿಹಾಸ ವಿಭಾಗ ಹಟ ಹಿಡಿದು, ಕೊನೆಗೆ ಕೈಗಾಡಿಗೆ ಒಪ್ಪಿತು. ಉಳಿದೆರಡು ಕಲ್ಲನ್ನು ಕೊಟ್ಟು, ಕೂಲಿಯಿಲ್ಲದೆ ಕಟ್ಟಿಸಿಕೊಡುವ ಗೌರವ ಷಡ್ಡಕರ ಪಾಲಿಗೆ ಬಂತು; ಮುಂದಿನ ಸಾಲಿನಲ್ಲಿ ಕೂತವರು ಒಲ್ಲೆ ಎನ್ನುವಂತಿರಲಿಲ್ಲ. ಬಾಗಿಲ ಪಕ್ಕ ಅಮೃತಶಿಲೆಯ ಫಲಕ ಬಂತು. ಸ್ಮರಣ ಸಂಪುಟದಲ್ಲಿ ಆರು ಮೆಟ್ಟಿಲುಗಳಿಗೆ ನಲವತ್ತು ಪುಟ ಮೀಸಲಾಯಿತು. ‘ಗುರುವಾದವನು ಇಳಿದು ಬರಬೇಕು’ ಎಂಬುದು ವಿಶ್ವವಿದ್ಯಾಲಯದ ಧ್ಯೇಯವಾಕ್ಯವಾಗಿ ಎಲ್ಲ ಪದವಿಪತ್ರಗಳ ಮೇಲೂ ಅಚ್ಚಾಗುತ್ತಿದೆ.

ಐತಿಹಾಸಿಕ ಮೆಟ್ಟಿಲುಗಳು ಸಾರ್ವಜನಿಕ ಆಸ್ತಿ, ಯಾರನ್ನೂ ತಡೆಯುವಂತಿಲ್ಲ ಎಂದು ಕುಲಪತಿಗಳು ಆಜ್ಞೆ ಹೊರಡಿಸಿದ್ದಾರೆ. ಆದ್ದರಿಂದ ಈಗ ಇಡೀ ಸಾಲಿನ ಹೆಂಗಸರು ಬಕೆಟ್ ಹಿಡಿದು ಸರಾಸರಿ ಮೇಷ್ಟ್ರ ಅಡುಗೆಮನೆಯ ಮೂಲಕವೇ ಹಿತ್ತಲಿಗೆ ಹೋಗುತ್ತಾರೆ. ಮೇಷ್ಟ್ರ ಹೆಂಡತಿ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲರ ಬಟ್ಟೆಯನ್ನೂ ನೋಡುತ್ತಾರೆ. ಮೂಲೆಮನೆ ಅಜ್ಜಿಯೂ ಬೆಳಿಗ್ಗೆಯೇ ಅಲ್ಲಿಗೆ ಬರುತ್ತಾರೆ. ಅವರಿಗೆ ಇನ್ನೊಂದು ಕುರ್ಚಿ ಹಾಕಿದೆ.